ಮಟ್ಟು ಮೊದಲೋ, ಮಾತು ಮೊದಲೋ?

ಮೊನ್ನೆ ಹೊನ್ನಾವರದಿಂದ ಕುಮಟೆಗೆ ಟೆಂಪೋದಲ್ಲಿ ಹೋಗ್ತಾ ಇದ್ದೆ. ಕರ್ಕಿ ದಾಟುವಾಗ ಡ್ರೈವರ್ 'ಅನಿಸುತಿದೆ' ಹಾಕಿದ. 'ಮುಂಗಾರು ಮಳೆ' ಬಂದದ್ದು 2006ರ ಕೊನೆಗೆ. ಆದರೂ ಹಿಂದಿನ ಸೀಟಿನ ಕಾಲೇಜು ಹುಡುಗಿಯರಿಗೆ ಹಾಡು ಪೂರ್ತಿ ಬಾಯಿಪಾಠ! ನನಗೆ ಮಾತ್ರ ಒಂದು ಹಳೇ ಜಗಳ ನೆನಪಾಯ್ತು.

2007ರ ಮಾತು. ಆಗ ಯಾರ ಮೊಬೈಲ್ ಹೊಡೆದುಕೊಂಡರೂ ಅದೇ ಹಾಡು. ನನಗೋ ಸಿಟ್ಟು. ಜಯಂತ ಕಾಯ್ಕಿಣಿ ನಮ್ಮ ಪಕ್ಕದ ಗೋಕರ್ಣದವರು. 'ರಂಗದಿಂದೊಂದಿಷ್ಟು ದೂರ' ಸಂಕಲನ ಬಂದದ್ದು 1974ರಲ್ಲಿ, ಅವರ 19ನೇ ವಯಸ್ಸಿಗೆ. ಅದಕ್ಕೇ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ. ಮುಂಬಯಿಯ ಸಣ್ಣ ಮನುಷ್ಯರ ಬಗ್ಗೆ ಅಂಥಾ ಕತೆ ಬರೆದವರು ಯಾರೋ ಕೊಟ್ಟ ಟ್ಯೂನಿಗೆ ಮಾತು ತುಂಬುವುದಾ? ಅಚ್ಚಿಗೆ ಬೆಲ್ಲ ಹೊಯ್ದ ಹಾಗೆ ಅಂತ ಜಗಲಿಯಲ್ಲಿ ಕೂತು ಭಾಷಣ ಮಾಡಿದ್ದೆ.

ನನ್ನ ಸಿಟ್ಟಿಗೂ ಕಾರಣ ಇತ್ತು. ನಾವು ಬೆಳೆದದ್ದು ಕ್ಯಾಸೆಟ್ಟಿನಲ್ಲಿ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಆಮೇಲೆ ಸಿ. ಅಶ್ವತ್ಥ್. ಅಲ್ಲಿ ಕವಿತೆ ಮೊದಲು ಪುಸ್ತಕದಲ್ಲಿತ್ತು, ರಾಗ ಅದನ್ನು ಹುಡುಕಿಕೊಂಡು ಬಂತು. 1992ರ 'ಮೈಸೂರ ಮಲ್ಲಿಗೆ' ಸಿನಿಮಾದಲ್ಲೂ ಕೆ.ಎಸ್.ನ. ಅವರ ಕವಿತೆಗಳೇ ಮುಂದೆ, ಅಶ್ವತ್ಥರ ಸಂಗೀತ ಹಿಂದೆ. ಮನೋಮೂರ್ತಿಯವರ ಟ್ಯೂನು ಕೇಳಿ ಬರೆಯುವುದೆಂದರೆ ಈ ಕ್ರಮವೇ ತಿರುವುಮುರುವು.

ದೊಡ್ಡಪ್ಪ ಕವಳ ಉಗಿದು ಬಂದು ನಕ್ಕ. "ಎಂತದ್ದು ಹೊಸದು ತಮಾ? ಪ್ರಸಂಗದ ಪದ್ಯನೂ ಮಟ್ಟಿಗೇ ಬರೆದದ್ದಲ್ದಾ?" ಅಂದ. ಒಳಗಿಂದ ಗೆದ್ದಲು ಹಿಡಿದ ಒಂದು ಪ್ರಸಂಗದ ಪುಸ್ತಕ ತಂದು ತೋರಿಸಿದ. ಪ್ರತಿ ಪದ್ಯದ ತಲೆಯ ಮೇಲೂ ಅಚ್ಚಾಗಿತ್ತು: ಭೈರವಿ ಝಂಪೆ, ಸೌರಾಷ್ಟ್ರ ತ್ರಿವುಡೆ, ಮಾರವಿ ಏಕ... ತಾಳ ಮೊದಲೇ ಗೊತ್ತು, ಸಾಲು ಎಲ್ಲಿ ಮುರಿಯಬೇಕೆಂಬುದೂ ಗೊತ್ತು. ಆ ಅಳತೆಯೊಳಗೇ ಕುಂಬಳೆಯ ಪಾರ್ತಿಸುಬ್ಬ ರಾಮಾಯಣವನ್ನೇ ಹೇಳಿದ. ಕೆರೆಮನೆ ಮೇಳ 1934ರಲ್ಲಿ ಹುಟ್ಟಿದ ಗುಣವಂತೆ ನಮ್ಮ ತಾಲ್ಲೂಕಿನಲ್ಲೇ ಇದೆ. ರಾತ್ರಿಯಿಡೀ ಆಟ ನೋಡಿ ಬೆಳೆದ ನನಗೆ ಇದು ಹೊಳೆದಿರಲಿಲ್ಲ ನೋಡಿ!

ಆಮೇಲೆ ಹಾಡುಗಳನ್ನು ಬೇರೆ ಥರ ಕೇಳಲು ಶುರು ಮಾಡಿದೆ. 'ಮುಂಗಾರು ಮಳೆ'ಯಲ್ಲಿ ಕಾಯ್ಕಿಣಿಯವರದ್ದು ಮೂರು ಹಾಡು. ಮತ್ತೆ 2007ರಲ್ಲಿ 'ಮಿಲನ', 2008ರಲ್ಲಿ 'ಗಾಳಿಪಟ'. ಟ್ಯೂನು ಎಲ್ಲಿ ಎಳೆಯುತ್ತದೋ ಅಲ್ಲಿ ದೀರ್ಘ ಸ್ವರ ಬಂದು ಕೂತಿರುತ್ತದೆ. ಕನ್ನಡ ಮನೆಮಾತಲ್ಲದ ಸೋನು ನಿಗಮ್ ಬಾಯಲ್ಲೂ ಮಾತು ಎಡವುವುದಿಲ್ಲ. ಇದು ಸುಲಭದ ಕೆಲಸ ಅಲ್ಲ. ಒಪ್ಪಿದೆ.

ಆದರೆ ಪೂರ್ತಿ ಸೋತೆ ಅಂತಲ್ಲ. ಕನಸು, ಹೃದಯ, ನೆನಪು ಇವು ಎಷ್ಟು ಸಲ ಬಂದಿವೆ ಅಂತ ನೀವೇ ಲೆಕ್ಕ ಹಾಕಿ. ಕತೆಗಳಲ್ಲಿನ ಲೋಕಲ್ ಟ್ರೇನು, ಚಾಳು, ಇರಾನಿ ಹೋಟೆಲ್ಲು ಹಾಡಿಗೆ ಬಂದದ್ದು ಕಡಿಮೆ. ಅದು ಮಟ್ಟಿನ ತಪ್ಪಲ್ಲ. ಪ್ರಸಂಗದ ಕವಿಗೆ ಅದೇ ತಾಳದಲ್ಲಿ ಯುದ್ಧ, ಶೋಕ, ಚೇಷ್ಟೆ ಎಲ್ಲ ಬೇಕಿತ್ತು. ಸಿನಿಮಾದವರು ಕೇಳಿದ್ದು ಹೆಚ್ಚಾಗಿ ಪ್ರೀತಿ ಒಂದೇ. ಸಿನಿಮಾದಲ್ಲಿ ಜೋಗವನ್ನು ಅಷ್ಟು ಚಂದ ತೋರಿಸಿದರಲ್ಲ, ಆ ನೀರು ಕೊನೆಗೆ ಬಂದು ಸೇರುವುದು ನಮ್ಮ ಹೊನ್ನಾವರದ ಅಳಿವೆಗೆ. ಅದರ ಪಾಲು ಯಾರೂ ಕೊಡಲಿಲ್ಲ ಬಿಡಿ :-)

ಅವತ್ತು ಸಂಜೆ ದೊಡ್ಡಪ್ಪ 'ಅನಿಸುತಿದೆ'ಯನ್ನು ಭಾಗವತರ ಶೈಲಿಯಲ್ಲಿ ಹೇಳಿ ತೋರಿಸ್ತೇನೆ ಅಂತ ಮಣೆ ಬಡಿಯುತ್ತಾ ಕೂತ. ಎರಡು ಸಾಲು ಸರಿಯಾಗೇ ಬಂತು. ಮೂರನೆಯದಕ್ಕೆ ತಾಳ ತಪ್ಪಿತು. ಮತ್ತೆ ಮೊದಲಿಂದ ಹಿಡಿದ, ಮತ್ತೆ ಅಲ್ಲೇ ತಪ್ಪಿತು. ದೊಡ್ಡಮ್ಮ ಒಳಗಿಂದ ಊಟಕ್ಕೆ ಕರೆದಳು.