ಅರ್ಧ ಚಕ್ರದ ಲೆಕ್ಕ: ಕೋಡಿ ನೀರು ಹಾಯುವ ರಸ್ತೆಯಲ್ಲಿ ಕಾರು ದಾಟಿಸುವ ಮಿತಿ

ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿದ್ದಾಗ ದಡದಲ್ಲಿ ನಿಂತವರು ಕಾರಿನವನಿಗೆ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಅರ್ಧ ಚಕ್ರ ಮುಳುಗೋವರೆಗೂ ಏನೂ ಆಗಲ್ಲ, ಫಸ್ಟ್ ಗೇರಲ್ಲಿ ನಿಲ್ಲಿಸದೆ ಹೊಡೀರಿ.’ ಈ ಮಾತಿನ ಉತ್ತರಾರ್ಧಕ್ಕೆ ನನ್ನ ತಕರಾರಿಲ್ಲ. ಪೂರ್ವಾರ್ಧ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ನೆಲವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ.

ಹೊಳೆ ಹಾಯುವ ಸಮಸ್ಯೆ ಈ ಸೀಮೆಗೆ ಹೊಸದಲ್ಲ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಅರಕೆರೆಯ ಬಳಿ ಕಾವೇರಿ ಹಾಯಲಾರದೆ ಕಣ್ಣಂಬಾಡಿಯ ಕಡೆಗೆ ಸಾಗಿತು. ಕೊನೆಗೆ ಮುತ್ತಿಗೆಯ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿತು. 1799ರಲ್ಲಿ ಮತ್ತೊಬ್ಬ ಬ್ರಿಟಿಷ್ ಸೇನಾಪತಿ ಹ್ಯಾರಿಸ್ ಮಳೆಗಾಲಕ್ಕೆ ಮುಂಚೆಯೇ ಅವಸರ ಮಾಡಿದ. ಮೇ 4ರಂದು ಸೈನಿಕರು ಬಂಡೆಗಳ ನಡುವಿನ ತೆಳುನೀರಿನಲ್ಲಿ ಹೊಳೆ ದಾಟಿ ಕೋಟೆ ಹತ್ತಿದರು. 1804ರಲ್ಲಿ ಮೈಸೂರಿನ ದಿವಾನ ಪೂರ್ಣಯ್ಯನವರು ಕಟ್ಟಿಸಿದ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಇಂದಿಗೂ ಇದೆ.

ಕಾರಿನ ಕಾಲಕ್ಕೆ ಬಂದರೆ, ನೀರಿನಲ್ಲಿ ನಿಂತ ಕಾರಿನ ಮೇಲಿನ ಅಧ್ಯಯನ ಆರಂಭವಾದದ್ದು ಆಸ್ಟ್ರೇಲಿಯಾದಲ್ಲಿ. 1967ರಲ್ಲಿ ಬೋನ್‌ಹ್ಯಾಮ್ ಮತ್ತು ಹ್ಯಾಟರ್ಸ್‌ಲಿ ಫೋರ್ಡ್ ಫಾಲ್ಕನ್ ಕಾರಿನ ಚಿಕ್ಕ ಮಾದರಿಯನ್ನು ಹರಿಯುವ ನೀರಿಗೆ ಒಡ್ಡಿ ನೋಡಿದರು. 1973ರಲ್ಲಿ ಗಾರ್ಡನ್ ಮತ್ತು ಸ್ಟೋನ್ ಮಾರಿಸ್ ಮಿನಿಯ ಮಾದರಿಯನ್ನು. 2011ರಲ್ಲಿ ಶಾಂಡ್ ಮತ್ತು ಸಂಗಡಿಗರು ಈ ಫಲಿತಾಂಶಗಳನ್ನು ಕ್ರೋಡೀಕರಿಸಿ ಮಿತಿಗಳನ್ನು ಸೂಚಿಸಿದರು. ಸಣ್ಣ ಕಾರಿಗೆ ನಿಂತ ನೀರಿನಲ್ಲಿ 0.3 ಮೀಟರ್ ಆಳ. ಹರಿಯುವ ನೀರಿನಲ್ಲಿ ಆಳ ಮತ್ತು ವೇಗದ ಗುಣಲಬ್ಧ ಸೆಕೆಂಡಿಗೆ 0.3 ಚದರ ಮೀಟರ್ ಮೀರಬಾರದು. ದೊಡ್ಡ ಕಾರಿಗೆ ಈ ಗುಣಲಬ್ಧ 0.45, ದೊಡ್ಡ ಫೋರ್‌ವ್ಹೀಲ್ ಗಾಡಿಗೆ 0.6. 2017ರಲ್ಲಿ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಮಾದರಿಗಳನ್ನು ಬಿಟ್ಟು ನಿಜವಾದ ಕಾರುಗಳನ್ನೇ ನೀರಿಗಿಳಿಸಿತು. 1.05 ಟನ್ ತೂಕದ ಟೊಯೊಟಾ ಯಾರಿಸ್, ಸೆಕೆಂಡಿಗೆ ಒಂದು ಮೀಟರ್ ವೇಗದ 15 ಸೆಂ.ಮೀ. ನೀರಿಗೇ ಜಾರಿತು, 60 ಸೆಂ.ಮೀ.ಗೆ ಪೂರ್ತಿ ತೇಲಿತು. ಜಾರಿದಾಗಿನ ಗುಣಲಬ್ಧ ಸೂಚಿತ ಮಿತಿಯ ಅರ್ಧದಷ್ಟೇ. ಆದ್ದರಿಂದ 0.3 ಅನ್ನು ಮೀರಲೇಬಾರದ ಗಡಿ ಎಂದು ತಿಳಿಯಬೇಕೇ ಹೊರತು ಅದಕ್ಕಿಂತ ಕಡಿಮೆಯೆಲ್ಲ ಸುರಕ್ಷಿತ ಎಂದಲ್ಲ.

ಇನ್ನೊಂದು ತೊಡಕು ಇರುವುದು ಈ ಜ್ಞಾನ ಜನರ ಕೈಗೆ ತಲುಪುವ ರೀತಿಯಲ್ಲಿ. ಅಮೆರಿಕದ ಹವಾಮಾನ ಇಲಾಖೆಯ ಪ್ರಚಾರ ‘ಒಂದು ಅಡಿ’ ಎನ್ನುತ್ತದೆ, ನಮ್ಮ ಕಡೆಯವರು ‘ಅರ್ಧ ಚಕ್ರ’ ಎನ್ನುತ್ತಾರೆ. ಎರಡರಲ್ಲೂ ಕೈಗೆ ಸಿಗುವ ಅಳತೆ ಆಳವೊಂದೇ. ಆಲ್ಟೋದಂಥ ಕಾರಿನ 12 ಇಂಚಿನ ರಿಮ್ಮಿಗೆ ಹಾಕುವ ಟೈರಿನ ಅರ್ಧ ಎತ್ತರ ಸುಮಾರು 27 ಸೆಂ.ಮೀ. ಆದ್ದರಿಂದ ಎರಡೂ ಸೂತ್ರಗಳು ಹೆಚ್ಚುಕಡಿಮೆ ಒಂದೇ. ನಿಂತ ನೀರಿಗೆ ಇವು ತಪ್ಪಲ್ಲ. ಸುಮಾರು 750 ಕಿಲೋ ತೂಗುವ ಅಂಥ ಕಾರಿನ ತಳ ನೆಲದಿಂದ 16 ಸೆಂ.ಮೀ. ಮೇಲಿದೆ ಎಂದಿಟ್ಟುಕೊಳ್ಳಿ. ತಳ ದಾಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ. ನೀರು ಗಾಡಿಯ 450ರಿಂದ 500 ಕಿಲೋ ಭಾರವನ್ನು ಹೊತ್ತುಕೊಳ್ಳುತ್ತದೆ. ಒಳಗೆ ನೀರು ನುಗ್ಗುವ ಮೊದಲು ಗಾಡಿ ತೇಲತೊಡಗುವುದು 32 ಸೆಂ.ಮೀ. ಆಸುಪಾಸಿನಲ್ಲಿ.

ಆದರೆ ನಮ್ಮಲ್ಲಿ ನೀರು ನಿಂತಿರುವುದೆಷ್ಟು, ಹರಿಯುವುದೆಷ್ಟು? ಇಲ್ಲಿ ಎರಡು ಬಗೆಯ ನೆರೆಗಳನ್ನು ಬೇರ್ಪಡಿಸಬೇಕು. ಶ್ರೀರಂಗಪಟ್ಟಣದ್ದು ಅಣೆಕಟ್ಟಿನ ನೆರೆ. 124.80 ಅಡಿಯ ಕೆ.ಆರ್.ಎಸ್. ತುಂಬಿ, 2019ರ ಆಗಸ್ಟ್‌ನಲ್ಲಿ ಆದಂತೆ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟಾಗ ಮುನ್ಸೂಚನೆ ಇರುತ್ತದೆ, ಪೊಲೀಸರು ಅಡ್ಡಗಟ್ಟುತ್ತಾರೆ. ಗೊರೂರಿನಿಂದ ಹೇಮಾವತಿಗೆ ಬಿಟ್ಟ ನೀರು ಅಕ್ಕಿಹೆಬ್ಬಾಳಿನ ಮಾಪನ ಕೇಂದ್ರವನ್ನು ಹಾದು ಬರುವುದೂ ಇದೇ ಬಗೆ. ಇನ್ನೊಂದು ಕೆರೆಗಳ ನೆರೆ. ನಾಗಮಂಗಲ ಸೀಮೆಯಲ್ಲಿ ಹುಟ್ಟಿ ಪಾಂಡವಪುರದ ಮೂಲಕ ಕರಿಘಟ್ಟದ ಬಳಿ ಕಾವೇರಿ ಸೇರುವ ಲೋಕಪಾವನಿ, ಶಿಂಷೆಯತ್ತ ಹರಿಯುವ ವೀರವೈಷ್ಣವಿ, ಇವುಗಳ ಉದ್ದಕ್ಕೂ ಒಂದರ ಕೋಡಿ ನೀರು ಮತ್ತೊಂದಕ್ಕೆ ಬೀಳುವ ಕೆರೆಗಳ ಸಾಲಿದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನವರಿಗೆ ತಿಳಿಸಲು ಗೇಟಿನವನೂ ಇಲ್ಲ, ಸೈರನ್ನೂ ಇಲ್ಲ. ನನ್ನ ವಾದವೆಲ್ಲ ಈ ಎರಡನೆಯ ನೆರೆಯ ಕುರಿತು.

ಕೋಡಿಯ ಕೆಳಗಿನ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಸಣ್ಣ ರಸ್ತೆಯನ್ನು ಹತ್ತಿರದಿಂದ ನೋಡಿ. ಮೋರಿಯ ಕೊಳವೆಗಳು ಕಸಕಡ್ಡಿಯಿಂದ ಕಟ್ಟಿಕೊಂಡಿವೆ. ಮೇಲ್ಮಗ್ಗುಲಲ್ಲಿ ನೀರು ಮಡುಗಟ್ಟಿದೆ, ರಸ್ತೆಯ ಮೇಲೆ ತೆಳ್ಳಗೆ ಹಾಳೆಯಂತೆ ಹಾಯುತ್ತದೆ, ಕೆಳಮಗ್ಗುಲಲ್ಲಿ ಧುಮುಕಿ ಡಾಂಬರಿನ ಅಡಿಯ ಮಣ್ಣನ್ನು ಕೊರೆಯುತ್ತದೆ. ಜಲಶಾಸ್ತ್ರದ ಕಣ್ಣಿಗೆ ಇದು ರಸ್ತೆಯಲ್ಲ, ಅಗಲವಾದ ತಲೆಯುಳ್ಳ ಇನ್ನೊಂದು ಕೋಡಿ. ಇಂಥ ಕೋಡಿಯ ಮೇಲೆ ಆಳ ಮತ್ತು ವೇಗ ಸ್ವತಂತ್ರವಲ್ಲ. ನೀರು ತಡೆಯಿಲ್ಲದೆ ಕೆಳಕ್ಕೆ ಬೀಳುತ್ತಿದ್ದರೆ ವೇಗವು ಗುರುತ್ವ ಮತ್ತು ಆಳದ ಗುಣಲಬ್ಧದ ವರ್ಗಮೂಲಕ್ಕೆ ಸಮನಾಗುತ್ತದೆ. ಆಳ 30 ಸೆಂ.ಮೀ. ಇದ್ದರೆ ವೇಗ ಸೆಕೆಂಡಿಗೆ 1.7 ಮೀಟರ್, ಗುಣಲಬ್ಧ 0.51. ಅಂದರೆ ಸಣ್ಣ ಕಾರಿನ ಮಿತಿಯಷ್ಟೇ ಅಲ್ಲ, ದೊಡ್ಡ ಕಾರಿನದ್ದೂ ದಾಟಿತು. ಅರ್ಧ ಚಕ್ರದ 27 ಸೆಂ.ಮೀ.ಗೆ ಗುಣಲಬ್ಧ 0.44. ಸಣ್ಣ ಕಾರಿನ 0.3 ಮುಟ್ಟುವುದು ಕೇವಲ 21 ಸೆಂ.ಮೀ. ಆಳಕ್ಕೆ. ಫೋರ್‌ವ್ಹೀಲ್ ಗಾಡಿಗೂ ಸಿಗುವುದು 33 ಸೆಂ.ಮೀ. ಮಾತ್ರ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪಣೆ ಇದೆ. ಮೇಲ್ಮಗ್ಗುಲಿನ ಮಡುವಿನ ಮಟ್ಟ ರಸ್ತೆಯ ಮೇಲಿನ ಆಳದ ಒಂದೂವರೆ ಪಟ್ಟು ಇರುತ್ತದೆ. ರಸ್ತೆಯ ಮೇಲೆ 21 ಸೆಂ.ಮೀ. ಇದ್ದಾಗ ಮಡುವಿನಲ್ಲಿ ನೆಟ್ಟ ಅಳತೆ ಕಂಬ 31 ತೋರಿಸುತ್ತದೆ. ಹಾಗಾದರೆ ‘ಒಂದು ಅಡಿ’ಯ ಸೂತ್ರ ಸರಿಯೇ ಆಯಿತಲ್ಲ? ಹೌದು, ಕಂಬ ನೋಡಿ ನಿರ್ಧರಿಸುವವನಿಗೆ ಅದು ಆಕಸ್ಮಿಕವಾಗಿ ಸರಿ. ಆದರೆ ನಮ್ಮವರು ಕಂಬ ನೋಡುವುದಿಲ್ಲ. ಬಹಳ ಕಡೆ ನೋಡಲು ಕಂಬವೇ ಇರುವುದಿಲ್ಲ. ಮುಂದೆ ಹೋದ ಟ್ರ್ಯಾಕ್ಟರೋ ಟೆಂಪೋವೋ ರಸ್ತೆ ನಡುವೆ ಎಷ್ಟು ಮುಳುಗಿತು ಎಂದು ನೋಡುತ್ತಾರೆ. ಅಲ್ಲಿ ಕಾಣುವುದು ಇಳಿದ ಆಳ, ಏರಿದ ವೇಗ.

ಇಲ್ಲಿಂದ ಮುಂದೆ ನಾನು ಹೇಳುವುದನ್ನು ಎಚ್ಚರದಿಂದ ಓದಬೇಕು. ಕೆಮ್ಮಣ್ಣಿನ ನೀರಿನಲ್ಲಿ ಆಳ ಕಾಣದು, ವೇಗ ಕಾಣುತ್ತದೆ. ಆಳ ಮತ್ತು ವೇಗ ಪರಸ್ಪರ ಬಿಗಿದುಕೊಂಡಿರುವ ಕೋಡಿ ರಸ್ತೆಯಲ್ಲಿ ವೇಗದಿಂದಲೇ ಅಪಾಯವನ್ನು ಅಂದಾಜು ಮಾಡಬಹುದು. 21 ಸೆಂ.ಮೀ. ಆಳದ ವೇಗ ಸೆಕೆಂಡಿಗೆ ಸುಮಾರು 1.4 ಮೀಟರ್. 3.75 ಮೀಟರ್ ಅಗಲದ ಒಂದು ಸಾಲಿನ ರಸ್ತೆಯ ಮೇಲ್ಬದಿಗೆ ಎಸೆದ ತೆಂಗಿನ ಸಿಪ್ಪೆ ಮೂರು ಸೆಕೆಂಡಿನೊಳಗೆ ಕೆಳಬದಿ ಸೇರಿದರೆ ಸಣ್ಣ ಕಾರು ಇಳಿಸಬಾರದು. ಇದು ಪ್ರಯೋಗದಿಂದ ಬಂದ ಸಂಖ್ಯೆಯಲ್ಲ, ಲೆಕ್ಕದಿಂದ ಬಂದದ್ದು. ಮೇಲ್ಮೈಯ ನೀರು ಸರಾಸರಿಗಿಂತ ಸ್ವಲ್ಪ ಬೇಗ ಹೋಗುತ್ತದೆ. ಇಳಿಜಾರಾದ ರಸ್ತೆಯಲ್ಲಿ ತೆಳುನೀರೂ ಬಿರುಸಾಗಬಹುದು. ಕತ್ತಲಲ್ಲಿ ಈ ಉಪಾಯ ನಡೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪರೀಕ್ಷೆ ಒಂದೇ ದಿಕ್ಕಿನದು. ಸಿಪ್ಪೆ ಬೇಗ ಹೋದರೆ ‘ಬೇಡ’ ಎನ್ನಬಹುದು, ನಿಧಾನ ಹೋದರೆ ‘ಸರಿ’ ಎನ್ನಲಾಗದು. ಕೆಳಗಿನ ಕೆರೆಯೂ ತುಂಬಿ ಹಿನ್ನೀರು ಒತ್ತಿದಾಗ ರಸ್ತೆ ಪೂರ್ತಿ ಮುಳುಗಿ, ವೇಗ ಇಳಿದು ಆಳ ಹೆಚ್ಚುತ್ತದೆ. ಆಗ ಬೇಕಾಗುವುದು ಮತ್ತೆ ಆಳದ ಲೆಕ್ಕವೇ.

ದಾಟಬಹುದೆಂದು ತೀರ್ಮಾನಿಸಿದವನಿಗೆ ಹೇಳುವುದು ಹೆಚ್ಚಿಲ್ಲ. ಕೊರೆತ ಕೆಳಮಗ್ಗುಲಿನದಾದ್ದರಿಂದ ಮೇಲ್ಬದಿಗೆ ಸರಿದು, ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಗೇರ್ ಬದಲಿಸದೆ ಹೋಗಬೇಕು. ಎದುರಿನ ಗಾಡಿ ಪೂರ್ತಿ ದಾಟುವವರೆಗೆ ಕಾಯಬೇಕು. ನೀರಿನಲ್ಲಿ ಇಂಜಿನ್ ನಿಂತರೆ ಸೆಲ್ಫ್ ಹೊಡೆಯಬಾರದು. ಸಿಲಿಂಡರಿಗೆ ನುಗ್ಗಿದ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಲೆ ಏರಿಯ ರಸ್ತೆಗಳ ಮಾತೇ ಬೇರೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಬಿದ್ದು 30 ಜನ ಸತ್ತದ್ದು ಮಳೆಯಿಂದಲ್ಲ, ನೆರೆಯಿಂದಲೂ ಅಲ್ಲ. ತಡೆಗೋಡೆಯಿಲ್ಲದ ಅಂಥ ಏರಿಯ ಮೇಲೆ ನೀರು ಹಾಯುತ್ತಿದ್ದರೆ ರಸ್ತೆಯ ಅಂಚು ಯಾವುದು, ನಾಲೆ ಯಾವುದು ಎಂದು ತಿಳಿಯದು. ಅಲ್ಲಿ ಸಿಪ್ಪೆಯ ಲೆಕ್ಕಕ್ಕೆ ಕೈಹಾಕಲೇಬಾರದು.

ಎರಡು ಪ್ರಶ್ನೆಗಳು ಉಳಿಯುತ್ತವೆ. 0.3ರ ಮಿತಿ ನಿಂತಿರುವುದು ಚಕ್ರ ಮತ್ತು ರಸ್ತೆಯ ನಡುವಿನ ಹಿಡಿತದ ಮೇಲೆ. ವರ್ಷದ ಕೆಲವು ತಿಂಗಳು ನೀರು ಜಿನುಗಿ ಪಾಚಿ ಕಟ್ಟಿದ ಕಾಂಕ್ರೀಟಿನಲ್ಲಿ ಆ ಹಿಡಿತ ಎಷ್ಟು ಉಳಿದೀತು ಎಂಬುದನ್ನು ಅಳೆದೇ ನೋಡಬೇಕು. ಇನ್ನೊಂದು ಶಿಂಷೆಯದು. ನಾಗಮಂಗಲಕ್ಕೆ ಮೇಲಿರುವ ಮಾರ್ಕೋನಹಳ್ಳಿ ಜಲಾಶಯದ ಸೈಫನ್‌ಗಳು ಮಟ್ಟ ಮುಟ್ಟಿದೊಡನೆ ತಾವಾಗಿಯೇ ನೀರು ಎಳೆಯುತ್ತವೆ, ಗೇಟು ಎತ್ತುವವರು ಬೇಕಿಲ್ಲ. ನೀರು ಮೆಟ್ಟಿಲೇರಿದಂತೆ ಒಮ್ಮೆಲೇ ಏರುವ ಅಂಥ ಹೊಳೆಯಲ್ಲಿ, ಇಳಿಯುವಾಗ ಮಾಡಿದ ಅಂದಾಜು ನಡುರಸ್ತೆ ತಲುಪುವವರೆಗೆ ನಿಲ್ಲುತ್ತದೆಯೇ ಎಂಬುದಕ್ಕೆ ಮೇಲಿನ ಲೆಕ್ಕದಲ್ಲಿ ಉತ್ತರವಿಲ್ಲ.