ಸಣ್ಣ ಉದ್ದಿಮೆಗಳಲ್ಲಿ ಕಾರ್ಯಸಂಸ್ಕೃತಿ ಮತ್ತು ಸ್ಪಂದನಶೀಲತೆ: ಗೇರುಬೀಜ ಸಂಸ್ಕರಣಾ ಘಟಕಗಳು

ಪೀಠಿಕೆ
ಮಿಜಾರು ಗ್ರಾಮವನ್ನು ಒಳಗೊಂಡ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇರುಬೀಜ ಸಂಸ್ಕರಣೆಯು ಗ್ರಾಮೀಣ ಮಹಿಳೆಯರಿಗೆ ಉದ್ಯೋಗ ಒದಗಿಸುವ ಪ್ರಮುಖ ಕೈಗಾರಿಕೆಗಳಲ್ಲೊಂದಾಗಿರುತ್ತದೆ. ದೇಶೀಯ ಇಳುವರಿ ಸಾಲದ ಕಾರಣ ಆಫ್ರಿಕಾದ ದೇಶಗಳಿಂದಲೂ ಕಚ್ಚಾ ಬೀಜವನ್ನು ಆಮದು ಮಾಡಿಕೊಳ್ಳಲಾಗುತ್ತದೆ. ಆದುದರಿಂದ ಬೆಲೆಯ ಏರಿಳಿತಕ್ಕೂ ವಿಯೆಟ್ನಾಂನ ಸ್ಪರ್ಧೆಗೂ ಸಣ್ಣ ಘಟಕಗಳು ಶೀಘ್ರವಾಗಿ ಸ್ಪಂದಿಸಬೇಕಾಗುತ್ತದೆ.

ಕಾರ್ಯಸಂಸ್ಕೃತಿಯ ಮಹತ್ವ
ಗೇರು ತಿರುಳನ್ನು ಗಾತ್ರಕ್ಕನುಗುಣವಾಗಿ ವರ್ಗೀಕರಿಸಲಾಗುತ್ತದೆ. ಡಬ್ಲ್ಯು-320 ದರ್ಜೆಯಲ್ಲಿ ಒಂದು ಪೌಂಡಿಗೆ 300ರಿಂದ 320 ಇಡಿ ತಿರುಳುಗಳಿರುತ್ತವೆ. ಒಡೆದ ತಿರುಳಿಗೆ ಬೆಲೆ ಕಡಿಮೆ. ಹಬೆಯಲ್ಲಿ ಬೇಯಿಸುವ ಹದ ತಪ್ಪಿದಲ್ಲಿ ತಿರುಳು ಒಡೆಯುತ್ತದೆ. ಇದನ್ನು ಮೊದಲು ಗಮನಿಸುವವರು ಬೀಜ ಒಡೆಯುವ ಕಾರ್ಮಿಕರು. ನಿರ್ಭೀತಿಯಿಂದ ತಿಳಿಸಲು ಅವರಿಗೆ ಅವಕಾಶವಿದ್ದಲ್ಲಿ ದೋಷವನ್ನು ಅಂದೇ ಸರಿಪಡಿಸಬಹುದು. ಎಲ್ಲದಕ್ಕೂ ಮಾಲೀಕರ ಆದೇಶಕ್ಕೆ ಕಾಯುವ ಘಟಕದಲ್ಲಿ ನಷ್ಟವು ವಿಂಗಡಣೆಯ ಹಂತದಲ್ಲಷ್ಟೇ ತಿಳಿಯುತ್ತದೆ. ಇಡಿ ತಿರುಳಿನ ತೂಕದ ಮೇಲೆ ಕೂಲಿ ನೀಡುವಲ್ಲಿ ಕಾರ್ಮಿಕರ ಗಳಿಕೆಯೂ ಕುಂದುತ್ತದೆ.

ಪಾಲಿಸಬಹುದಾದ ಕ್ರಮಗಳು
1. ದೋಷ ತಿಳಿಸಿದವರ ಕೂಲಿಯನ್ನು ಕಡಿತಗೊಳಿಸದಿರುವುದು.
2. ಸಿಪ್ಪೆಯ ಎಣ್ಣೆಯು ಚರ್ಮವನ್ನು ಸುಡುವುದರಿಂದ ಕೈಗವಸು ಒದಗಿಸುವುದು.
3. ದಿನದ ಕೆಲಸ ಆರಂಭವಾಗುವ ಮೊದಲು ಹಿಂದಿನ ದಿನದ ಒಡಕಿನ ಪ್ರಮಾಣವನ್ನು ಎಲ್ಲರಿಗೂ ತಿಳಿಸುವುದು.
4. 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ, ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ರಚಿಸುವುದು (ಇದು ಕಡ್ಡಾಯ).

ಕಾನೂನಿನ ರಕ್ಷಣೆ
2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮದ ಪ್ರಕಾರ, ನೋಂದಾಯಿತ ಕಿರು ಹಾಗೂ ಸಣ್ಣ ಉದ್ದಿಮೆಗಳಿಂದ ಸರಕು ಪಡೆದ ಖರೀದಿದಾರರು ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ಉದ್ಯಮ್ ನೋಂದಣಿಗೆ ಶುಲ್ಕವಿರುವುದಿಲ್ಲ. ಹೆಚ್ಚಿನ ಮಾಹಿತಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.