ಔಷಧ ಮತ್ತು ಮಾತು: ಪೊವಿಕ್ ಆಸ್ಪತ್ರೆ ಉಳಿಸಿಹೋದ ಪ್ರಶ್ನೆ

ಖಿನ್ನತೆಗೆ ಸೈಕೆಡೆಲಿಕ್ ಔಷಧವನ್ನೂ ಮಾತಿನ ಚಿಕಿತ್ಸೆಯನ್ನೂ ಜೊತೆಗೂಡಿಸಿ ಕೊಡುವ ಪ್ರಯೋಗಗಳನ್ನು ನಾವೀಗ ಹೊಸ ಶೋಧವೆಂಬಂತೆ ಓದುತ್ತಿದ್ದೇವೆ. ಆದರೆ ಈ ಜೋಡಣೆಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ಇಂಗ್ಲೆಂಡಿನ ಪೊವಿಕ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿದ್ದ ಸ್ಯಾಂಡೋಜ್ ಕಂಪನಿಯ ರಸಾಯನತಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿದರು. ಅದು ಮನಸ್ಸನ್ನು ಎಷ್ಟು ಕಲಕಬಲ್ಲದೆಂಬುದು ಅವರ ಅನುಭವಕ್ಕೆ ಬಂದದ್ದು 1943ರಲ್ಲಿ. 1952ರಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋಗಿದ್ದ ಪೊವಿಕ್‌ನ ಮನೋವೈದ್ಯ ರೊನಾಲ್ಡ್ ಸ್ಯಾಂಡಿಸನ್ ಆ ಔಷಧವನ್ನು ತಮ್ಮ ಆಸ್ಪತ್ರೆಗೆ ತಂದರು. ಮಾತಿನ ಚಿಕಿತ್ಸೆಗೆ ಜಗ್ಗದ ರೋಗಿಗಳಲ್ಲಿ ಹುದುಗಿದ್ದ ನೆನಪುಗಳನ್ನು ಇದು ಸಡಿಲಿಸೀತು, ಹಾಗೆ ಮೇಲೆದ್ದುದನ್ನು ಮಾತು ಅರ್ಥೈಸೀತು ಎಂಬುದು ಅವರ ತರ್ಕ.

1955ರಲ್ಲಿ ಪೊವಿಕ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಪ್ರತಿ ರೋಗಿಗೂ ಒಂದೊಂದು ಕೋಣೆ; ಒರಗಿಕೊಳ್ಳಲು ಸೋಫಾ, ಚಿತ್ರ ಬಿಡಿಸಲು ಕಪ್ಪುಹಲಗೆ. ದಿನದ ಕೊನೆಗೆ ಎಲ್ಲರೂ ಒಟ್ಟಿಗೆ ಕುಳಿತು ಕಂಡದ್ದನ್ನು ಹೇಳಿಕೊಳ್ಳುತ್ತಿದ್ದರು. ಹೀಗೆ ಅಲ್ಲಿ ಔಷಧ ಬಾಗಿಲು ತೆರೆಯುವ ಕೀಲಿಯಾಗಿತ್ತೇ ಹೊರತು ಅದೇ ಚಿಕಿತ್ಸೆಯಾಗಿರಲಿಲ್ಲ.

ಆದರೂ ಈ ಕಥೆಗೆ ಇನ್ನೊಂದು ಮುಖವಿದೆ. ಅಲ್ಲಿ ಎಲ್‌ಎಸ್‌ಡಿ ಪಡೆದವರು 683 ಮಂದಿ. ಅವರಲ್ಲಿ ಕೆಲವರು ಬಹುಕಾಲದ ನಂತರ ನ್ಯಾಯಾಲಯದ ಮೊರೆ ಹೊಕ್ಕರು. ಏನಾಗಬಹುದೆಂದು ತಮಗೆ ಸರಿಯಾಗಿ ತಿಳಿಸಿರಲಿಲ್ಲ, ಅಂದು ಎದ್ದ ಭಯ ಮತ್ತೆ ಅಡಗಲೇ ಇಲ್ಲ ಎಂಬುದು ಅವರ ದೂರು. 2002ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು 43 ಜನರಿಗೆ ಒಟ್ಟು 1,95,000 ಪೌಂಡ್ ಕೊಡಲು ಒಪ್ಪಿತು. ತೆರೆದ ಬಾಗಿಲನ್ನು ಮುಚ್ಚಲಾಗದೆ ಉಳಿದವರ ಈ ಸಾಕ್ಷ್ಯವನ್ನು ಬಿಟ್ಟು ಸೈಕೆಡೆಲಿಕ್ ಚಿಕಿತ್ಸೆಯ ಚರಿತ್ರೆಯನ್ನು ಬರೆಯಲಾಗದು.

1960ರ ದಶಕದಲ್ಲಿ ಎಲ್‌ಎಸ್‌ಡಿ ಬೀದಿಗೆ ಬಂತು; 1971ರ ವಿಶ್ವಸಂಸ್ಥೆಯ ಒಪ್ಪಂದ ಅದನ್ನು ಅತ್ಯಂತ ಕಠಿಣ ನಿರ್ಬಂಧದ ಪಟ್ಟಿಗೆ ಸೇರಿಸಿತು. ಸಂಶೋಧನೆ ಬಹುಪಾಲು ನಿಂತುಹೋಯಿತು. ಅದು ಮರಳಿದ್ದು ಮುಖ್ಯವಾಗಿ ಕೆಲವು ಅಣಬೆಗಳಲ್ಲಿರುವ ಸಿಲೊಸೈಬಿನ್ ಎಂಬ ವಸ್ತುವಿನ ಮೂಲಕ. 2016ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯುಳ್ಳ 12 ಜನರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿತು. 2020ರಲ್ಲಿ ಪ್ರಕಟವಾದ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಔಷಧ ಕೊಟ್ಟದ್ದು ಎರಡೇ ಬಾರಿ. ಅದರ ಜೊತೆಗಿನ ಮಾತಿನ ಚಿಕಿತ್ಸೆ ಸುಮಾರು 11 ಗಂಟೆ.

ಈ 11 ಗಂಟೆಗಳೇ ನಮ್ಮನ್ನು ತಡೆದು ನಿಲ್ಲಿಸುತ್ತವೆ. ಗುಳಿಗೆಯನ್ನು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಿಸಬಹುದು. ಮೊದಲೇ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯುವ, ಔಷಧ ಇಳಿಯುವವರೆಗೆ ಪಕ್ಕದಲ್ಲಿ ಕೂರುವ, ವಾರದ ನಂತರವೂ ಕಿವಿಗೊಡುವ ಮನುಷ್ಯರನ್ನು ಹಾಗೆ ತಯಾರಿಸಲಾಗದು. ಗುಣಪಡಿಸಿದ್ದು ಔಷಧವೋ ಮಾತೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಅದು ಹೇಗೇ ಮುಗಿಯಲಿ, ವೆಚ್ಚ ಇಳಿಸುವ ದಿನ ಬಂದಾಗ ಮೊದಲು ಕತ್ತರಿ ಬೀಳುವುದು ಮಾತಿನ ಗಂಟೆಗಳಿಗೇ ಎಂಬ ಆತಂಕ ನಮ್ಮದು. ಹಾಗಾದರೆ ಪೊವಿಕ್‌ನ ಆ 43 ಜನರ ದೂರನ್ನು ಇನ್ಯಾರೋ, ಇನ್ನೊಂದು ದೇಶದಲ್ಲಿ, ಮತ್ತೆ ಬರೆಯಬೇಕಾದೀತು.